ಒಂದು ರಾತ್ರಿಯ ಬಿರುಗಾಳಿ, ನಲವತ್ತು ವರ್ಷಗಳ ಪಶ್ಚಾತ್ತಾಪ: ನಾವಿಕ ಜಾನ್ ನ್ಯೂಟನ್ನನ ಜೀವನ

ದುಷ್ಟನೊಬ್ಬನು ಸಜ್ಜನನಾದ ಕಥೆ ನಮ್ಮ ನಾಡಿನವರಿಗೆ ಹೊಸದಲ್ಲ. ದಾರಿಹೋಕರನ್ನು ಸುಲಿಯುತ್ತಿದ್ದ ಬೇಡನು ವಾಲ್ಮೀಕಿಯಾದುದನ್ನು ನಾವು ಅಜ್ಜಿಯ ಬಾಯಿಂದ ಕೇಳಿ ಬೆಳೆದವರು. ಬೇಡಿದವರಿಗೆ ಕಾಸು ಬಿಚ್ಚದ ನವಕೋಟಿ ನಾರಾಯಣನು ಒಂದು ಮೂಗುತಿಯ ನೆಪದಿಂದ ಪುರಂದರದಾಸನಾದ ಕಥೆಯನ್ನು ಹರಿಕಥೆಯ ಚಪ್ಪರದಲ್ಲಿ ಕುಳಿತು ಕೇಳಿದವರು. ಇಂತಹ ಕಥೆಗಳಲ್ಲೆಲ್ಲ ಒಂದು ಗಳಿಗೆ ಬರುತ್ತದೆ. ಆ ಗಳಿಗೆಯಲ್ಲಿ ಹಳೆಯ ಮನುಷ್ಯನು ಅಳಿದು ಹೊಸ ಮನುಷ್ಯನು ಹುಟ್ಟುತ್ತಾನೆ. ಅಲ್ಲಿಗೆ ಕಥೆಯು ಮಂಗಳವಾಗುತ್ತದೆ.

ಕ್ರೈಸ್ತ ಜಗತ್ತಿನಲ್ಲಿಯೂ ಇಂತಹ ಚರಿತ್ರೆಗಳು ಹಲವಿವೆ. ಅವುಗಳಲ್ಲಿ ಇಂಗ್ಲೆಂಡಿನ ಜಾನ್ ನ್ಯೂಟನ್ನನ ಚರಿತ್ರೆಯನ್ನು ನಾವು ಇಂದು ಆರಿಸಿಕೊಂಡಿರುವುದಕ್ಕೆ ಕಾರಣವುಂಟು. ಆತನ ಬಾಳಿನಲ್ಲಿಯೂ ಅಂತಹ ಗಳಿಗೆಯೊಂದು ಬಂದಿತು. ಆದರೆ ಆ ಗಳಿಗೆಯಿಂದ ಕೆಲಸವು ಮುಗಿಯಲಿಲ್ಲ. ದೇವರ ಮುಂದೆ ಮೊಣಕಾಲೂರುವುದಕ್ಕೆ ಆತನಿಗೆ ಒಂದು ರಾತ್ರಿ ಸಾಕಾಯಿತು. ತಾನು ಕೇಡು ಮಾಡಿದ ಮನುಷ್ಯರ ಹೆಸರಿನಲ್ಲಿ ಲೋಕದ ಮುಂದೆ ತಪ್ಪೊಪ್ಪಿಕೊಳ್ಳುವುದಕ್ಕೆ ನಲವತ್ತು ವರ್ಷಗಳು ಬೇಕಾದುವು. ಈ ಅಂತರವೇ ಆತನ ಚರಿತ್ರೆಯಲ್ಲಿ ನಾವು ಕಲಿಯಬೇಕಾದ ಪಾಠವೆಂದು ನಮಗೆ ತೋರುತ್ತದೆ.

ಮೊದಲಿಗೆ ಒಂದು ಮಾತು. ಈತನು ಗುರುತ್ವಾಕರ್ಷಣೆಯ ನಿಯಮವನ್ನು ತಿಳಿಸಿದ ಐಸಾಕ್ ನ್ಯೂಟನ್ನನಲ್ಲ. ಆ ಮಹಾವಿಜ್ಞಾನಿಯು 1727ರಲ್ಲಿ ಕಾಲವಾದಾಗ ನಮ್ಮ ಈ ಜಾನ್ ನ್ಯೂಟನ್ನನು ಎರಡು ವರ್ಷವೂ ತುಂಬದ ಕೂಸು.

ಜಾನ್ ನ್ಯೂಟನ್ನನು 1725ನೆಯ ಇಸವಿ ಜುಲೈ 24ರಂದು ಲಂಡನ್ ನಗರದ ವಾಪಿಂಗ್ ಎಂಬ ಬಂದರುಗೇರಿಯಲ್ಲಿ ಜನಿಸಿದನು. ತಂದೆಯು ಮೆಡಿಟರೇನಿಯನ್ ಸಮುದ್ರದಲ್ಲಿ ವ್ಯಾಪಾರದ ಹಡಗು ನಡೆಸುತ್ತಿದ್ದ ಕಪ್ತಾನ. ಮಾತು ಕಡಿಮೆ, ಶಿಸ್ತು ಹೆಚ್ಚು. ತಾಯಿ ಎಲಿಜಬೆತ್ ದೈವಭಕ್ತೆ. ಮಗನು ಪಾದ್ರಿಯಾಗಬೇಕೆಂಬ ಆಸೆಯಿಂದ ಆಕೆ ಎಳೆಯ ವಯಸ್ಸಿನಲ್ಲಿಯೇ ಅವನಿಗೆ ಬೈಬಲಿನ ವಚನಗಳನ್ನೂ ಭಕ್ತಿಗೀತೆಗಳನ್ನೂ ಬಾಯಿಪಾಠ ಮಾಡಿಸಿದಳು. ಆದರೆ ಆಕೆಗೆ ಕ್ಷಯರೋಗವಿದ್ದಿತು. ಮಗನಿಗೆ ಏಳು ವರ್ಷ ತುಂಬುವುದಕ್ಕೆ ಕೆಲವೇ ದಿನಗಳಿರುವಾಗ, 1732ರಲ್ಲಿ, ಆಕೆ ತೀರಿಕೊಂಡಳು. ತಂದೆಯು ಮರುಮದುವೆಯಾದನು. ಹುಡುಗನು ಎರಡು ವರ್ಷ ಶಾಲೆಯ ವಸತಿಯಲ್ಲಿದ್ದು, ಹನ್ನೊಂದನೆಯ ವಯಸ್ಸಿನಲ್ಲಿ ತಂದೆಯ ಹಡಗನ್ನು ಹತ್ತಿದನು.

ಹದಿನೇಳನೆಯ ವಯಸ್ಸಿನಲ್ಲಿ ಅವನ ಪಾಲಿಗೆ ಒಂದು ಒಳ್ಳೆಯ ನೌಕರಿ ಗೊತ್ತಾಗಿದ್ದಿತು. ತಂದೆಯ ಗೆಳೆಯನಾದ ಲಿವರ್‌ಪೂಲಿನ ವರ್ತಕ ಜೋಸೆಫ್ ಮ್ಯಾನೆಸ್ಟಿ ಎಂಬವನು ಹುಡುಗನನ್ನು ಜಮೈಕಾ ದ್ವೀಪಕ್ಕೆ ಕಳುಹಿಸಲು ಒಪ್ಪಿದ್ದನು. ಹೊರಡುವ ಮುನ್ನ, 1742ರ ಡಿಸೆಂಬರಿನಲ್ಲಿ, ನ್ಯೂಟನ್ನನು ಕೆಂಟ್ ಪ್ರಾಂತದಲ್ಲಿದ್ದ ತಾಯಿಯ ಗೆಳತಿಯ ಮನೆಗೆ ಹೋದನು. ಆ ಮನೆಯ ಹಿರಿಯ ಮಗಳು ಮೇರಿ ಕ್ಯಾಟ್ಲೆಟ್‌ಗೆ ಆಗ ಹದಿನಾಲ್ಕು ತುಂಬುತ್ತಲಿತ್ತು. ಆಕೆಯನ್ನು ಕಂಡ ಹುಡುಗನು ಅಲ್ಲಿಂದ ಕದಲಲೊಲ್ಲದೆ, ಬೇಕೆಂದೇ ದಿನಗಳನ್ನು ಕಳೆದು ಹಡಗನ್ನು ತಪ್ಪಿಸಿಕೊಂಡನು. ತಂದೆಗೆ ಸಿಟ್ಟು ಬಂದಿತು. ಮಗನಿಗೆ ಮಾತ್ರ ಮೇರಿಯ ನೆನಪು ಜೀವನದುದ್ದಕ್ಕೂ ಆರದ ದೀಪವಾಯಿತು.

ಅಲ್ಲಿಂದ ಮುಂದೆ ಅವನ ದಾರಿ ಇಳಿಜಾರಿನದು. ಯುದ್ಧಕಾಲದಲ್ಲಿ ದಾರಿಯಲ್ಲಿ ಸಿಕ್ಕಿದ ನಾವಿಕರನ್ನು ಬಲಾತ್ಕಾರದಿಂದ ಹಿಡಿದೊಯ್ಯುವ ಅಧಿಕಾರ ಇಂಗ್ಲೆಂಡಿನ ನೌಕಾದಳಕ್ಕೆ ಆ ಕಾಲದಲ್ಲಿದ್ದಿತು. 1744ರಲ್ಲಿ ನ್ಯೂಟನ್ನನು ಹಾಗೆ ಸಿಕ್ಕಿಬಿದ್ದು ಹಾರ್ವಿಚ್ ಎಂಬ ಯುದ್ಧನೌಕೆಯನ್ನು ಸೇರಬೇಕಾಯಿತು. ತಂದೆಯ ವಶೀಲಿಯಿಂದ ಕಿರಿಯ ಅಧಿಕಾರಿಯ ಸ್ಥಾನವೇನೋ ದೊರೆಯಿತು. ಆದರೆ ಆ ನೌಕೆಯಲ್ಲಿ ಅವನಿಗೆ ನಾಸ್ತಿಕ ಗೆಳೆಯರ ಸಹವಾಸವಾಯಿತು. ತಾಯಿಯು ಕಲಿಸಿದುದೆಲ್ಲವೂ ನಗೆಪಾಟಲಿನ ವಸ್ತುವಾಯಿತು. ನೌಕೆಯು ಪೂರ್ವದೇಶಗಳ ಕಡೆಗೆ ಐದು ವರ್ಷಗಳ ದೀರ್ಘಯಾನಕ್ಕೆ ಹೊರಡಲಿದೆಯೆಂದು ತಿಳಿದಾಗ, ಮೇರಿಯಿಂದ ಅಷ್ಟು ಕಾಲ ಅಗಲಿರಲಾರದೆ ಅವನು ಓಡಿಹೋದನು. ಅದೂ ಹೇಗೆ? ಇತರ ನಾವಿಕರು ಓಡಿಹೋಗದಂತೆ ಕಾಯಲೆಂದು ಅವನನ್ನೇ ದಡಕ್ಕೆ ಕಳುಹಿಸಿದ್ದರು. ಎರಡು ದಿನಗಳಲ್ಲಿ ಸೈನಿಕರು ಅವನನ್ನು ಹಿಡಿದು, ಪ್ಲಿಮತ್ ಪಟ್ಟಣದ ಬೀದಿಗಳಲ್ಲಿ ಕಳ್ಳನಂತೆ ನಡೆಸಿಕೊಂಡು ಬಂದರು. ನೌಕೆಯವರೆಲ್ಲರ ಎದುರಿಗೆ ಚಾಟಿಯೇಟುಗಳು ಬಿದ್ದುವು. ಸ್ಥಾನವು ಹೋಗಿ ಸಾಮಾನ್ಯ ಖಲಾಸಿಯಾದನು. ಕಪ್ತಾನನನ್ನು ಕೊಂದು ತಾನೂ ಸಮುದ್ರಕ್ಕೆ ಹಾರುವ ಯೋಚನೆ ಅವನಿಗೆ ಬಂದಿತ್ತು. ದೇವರ ಭಯ ಆಗ ಅವನಲ್ಲಿ ಉಳಿದಿರಲಿಲ್ಲ. ತನ್ನ ಬಗ್ಗೆ ಮೇರಿಯು ಕೆಟ್ಟದಾಗಿ ತಿಳಿದಾಳೆಂಬ ಅಂಜಿಕೆಯೊಂದೇ ಅವನ ಕೈಯನ್ನು ತಡೆಯಿತು.

ಮಡೀರ ದ್ವೀಪದಲ್ಲಿ ಅವನನ್ನು ಆಫ್ರಿಕಕ್ಕೆ ಹೋಗುತ್ತಿದ್ದ ವ್ಯಾಪಾರದ ಹಡಗೊಂದಕ್ಕೆ ಬದಲಾಯಿಸಿದರು. ಅದು ಗುಲಾಮರನ್ನು ಕೊಳ್ಳಲು ಹೊರಟ ಹಡಗು. ಗುರುತಿನವರು ಯಾರೂ ಇಲ್ಲದ ಕಡೆಗೆ ಹೋಗುತ್ತಿದ್ದೇನೆ, ಇನ್ನು ಮನಸ್ಸು ಬಂದಂತೆ ಕೆಡಬಹುದು ಎಂದು ಅವನು ಹಿಗ್ಗಿದನಂತೆ. ಊರು ಬಿಟ್ಟು ದೂರದ ನಗರಗಳಿಗೆ ಬಂದಿರುವ ನಮ್ಮ ತರುಣರಿಗೆ ಈ ಹಿಗ್ಗು ಎಂತಹುದೆಂದು ವಿವರಿಸಿ ಹೇಳಬೇಕಾಗಿಲ್ಲ.

1745ರಲ್ಲಿ ಅವನು ಸಿಯೆರಾ ಲಿಯೋನ್ ಕರಾವಳಿಯ ಪ್ಲಾಂಟೇನ್ ದ್ವೀಪದಲ್ಲಿ ಒಬ್ಬ ಬಿಳಿಯ ಗುಲಾಮವ್ಯಾಪಾರಿಯ ಕೈಕೆಳಗೆ ಕೆಲಸಕ್ಕೆ ನಿಂತನು. ಬೇಗ ಹಣವಂತನಾಗುವ ಆಸೆ. ಆದರೆ ಬಂದ ಕೆಲವೇ ದಿನಗಳಲ್ಲಿ ಜ್ವರ ಬಂದು ಹಾಸಿಗೆ ಹಿಡಿದನು. ಆ ವ್ಯಾಪಾರಿಯೊಡನೆ ಬಾಳುತ್ತಿದ್ದ ಆಫ್ರಿಕದ ಕುಲೀನ ಸ್ತ್ರೀಗೆ ಇವನನ್ನು ಕಂಡರಾಗದು. ಜ್ವರದಲ್ಲಿ ಕುಡಿಯುವ ನೀರಿಗೂ ಕಷ್ಟವಾಯಿತು. ಹಸಿವು ಮರಳಿದಾಗ ಆಕೆ ತಾನು ಉಂಡು ಬಿಟ್ಟ ತಟ್ಟೆಯ ಎಂಜಲನ್ನು ಕೊಡುತ್ತಿದ್ದಳು. ಒಮ್ಮೆ ನಿಶ್ಶಕ್ತಿಯಿಂದ ಕೈನಡುಗಿ ತಟ್ಟೆಯು ಜಾರಿಬೀಳಲು, ಆಕೆ ನಕ್ಕಳೇ ಹೊರತು ಬೇರೆ ಅನ್ನ ಕೊಡಲಿಲ್ಲ. ರಾತ್ರಿ ತೋಟಕ್ಕೆ ನುಸುಳಿ ಹಸಿಗೆಡ್ಡೆಗಳನ್ನು ಅಗೆದು ತಿನ್ನುವ ಸ್ಥಿತಿ ಅವನದಾಯಿತು. ಆಗ ಅವನಿಗೆ ಗುಟ್ಟಾಗಿ ತುತ್ತು ತಂದುಕೊಟ್ಟವರು ಯಾರು? ಸಂಕೋಲೆ ತೊಟ್ಟು ಮಾರಾಟಕ್ಕಾಗಿ ಕಾದಿದ್ದ ಗುಲಾಮರು. ತಮಗೆ ಸಿಕ್ಕುತ್ತಿದ್ದ ಅರೆಹೊಟ್ಟೆಯ ಊಟದಲ್ಲಿಯೇ ಒಂದು ಪಾಲನ್ನು ಅವರು ಅವನಿಗಿಟ್ಟರು. ಓದುಗರು ಈ ಸಂಗತಿಯನ್ನು ನೆನಪಿನಲ್ಲಿಟ್ಟುಕೊಳ್ಳಬೇಕೆಂದು ಕೋರುತ್ತೇವೆ; ಏಕೆಂದರೆ ನ್ಯೂಟನ್ನನು ಇದನ್ನು ಬಹುಕಾಲ ಮರೆತವನಂತೆ ಬಾಳಿದನು.

ಆ ದುರವಸ್ಥೆಯಲ್ಲಿಯೂ ಅವನ ಬಳಿ ಒಂದು ಪುಸ್ತಕವಿತ್ತು, ಯೂಕ್ಲಿಡನ ರೇಖಾಗಣಿತ. ಸಮುದ್ರದಂಡೆಯ ಮರಳಿನ ಮೇಲೆ ಕೋಲಿನಿಂದ ಆಕೃತಿಗಳನ್ನು ಬರೆದು ಅದನ್ನು ಕಲಿತನು. ಮುಂದೆ ಅವನಿಗೆ ಬೇರೊಬ್ಬ ವ್ಯಾಪಾರಿಯ ಬಳಿ ಕೆಲಸ ಸಿಕ್ಕಿ ಕಷ್ಟವು ನೀಗಿತು. ಅಷ್ಟರಲ್ಲಿ ಮಗನನ್ನು ಹುಡುಕಿಸಬೇಕೆಂದು ತಂದೆಯು ಮ್ಯಾನೆಸ್ಟಿಯಲ್ಲಿ ಕೇಳಿಕೊಂಡಿದ್ದನು. 1747ರಲ್ಲಿ ಮ್ಯಾನೆಸ್ಟಿಯ ಗ್ರೇಹೌಂಡ್ ಎಂಬ ಹಡಗು ಅಲ್ಲಿಗೆ ಬಂದಿತು. ಕಪ್ತಾನನು ಊರಿನಲ್ಲಿ ಆಸ್ತಿ ಬಂದಿದೆಯೆಂದು ಸುಳ್ಳು ಹೇಳಿ ಕರೆದನು. ಮೇರಿಯ ನೆನಪು ಎಳೆಯಿತು. ನ್ಯೂಟನ್ನನು ಹಡಗು ಹತ್ತಿದನು. ಮುಂದಿನ ಒಂದು ವರ್ಷ ಆ ಹಡಗು ಚಿನ್ನ, ದಂತ, ಜೇನುಮೇಣ, ಮರಮುಟ್ಟುಗಳನ್ನು ಕೊಳ್ಳುತ್ತ ಕರಾವಳಿಯಲ್ಲಿ ಸುತ್ತಾಡಿತು. ಈ ಅವಧಿಯಲ್ಲಿ ಅವನ ದೇವನಿಂದೆಯನ್ನು ಕೇಳಿ, ಬೈಗುಳಕ್ಕೆ ಹೆಸರಾದ ಖಲಾಸಿಗಳೂ ಕಪ್ತಾನನೂ ಬೆಚ್ಚುತ್ತಿದ್ದರು.

ಹಿಂದಿರುಗುವ ಯಾನದಲ್ಲಿ ಬೇಸರ ಕಳೆಯಲು ಅವನು ಕೈಗೆತ್ತಿಕೊಂಡ ಪುಸ್ತಕ ಥಾಮಸ್ ಎ ಕೆಂಪಿಸನದು; ಕ್ರಿಸ್ತನನ್ನು ಅನುಸರಿಸಿ ಬಾಳುವ ಬಗೆಯನ್ನು ಹೇಳುವ ಹಳೆಯ ಗ್ರಂಥ. ಇದೆಲ್ಲ ನಿಜವಾಗಿದ್ದರೆ ತನ್ನ ಗತಿಯೇನು ಎಂಬ ಪ್ರಶ್ನೆ ಅವನನ್ನು ಚುಚ್ಚಿತು; ಪುಸ್ತಕವನ್ನು ಮುಚ್ಚಿಬಿಟ್ಟನು. 1748ರ ಮಾರ್ಚ್ 21ರ ರಾತ್ರಿ ಉತ್ತರ ಅಟ್ಲಾಂಟಿಕ್ ಸಾಗರದಲ್ಲಿ ಬಿರುಗಾಳಿ ಎದ್ದಿತು. ನಿದ್ದೆಯಿಂದ ಎಚ್ಚರವಾದಾಗ ಅವನ ಕೋಣೆಗೆ ನೀರು ನುಗ್ಗುತ್ತಿತ್ತು. ಮೇಲಕ್ಕೇರುತ್ತಿದ್ದವನನ್ನು ತಡೆದು ಕಪ್ತಾನನು ಚಾಕು ತರಲು ಹೇಳಿದನು. ಅವನು ಹಿಂದಿರುಗಿದನು; ಅವನ ಬದಲು ಮೇಲಕ್ಕೆ ಹೋದವನನ್ನು ಆ ಕ್ಷಣವೇ ಅಲೆಯು ಕೊಚ್ಚಿಕೊಂಡು ಹೋಯಿತು. ಹಡಗಿನ ಒಂದು ಮಗ್ಗುಲು ಒಡೆದಿತ್ತು. ಬಟ್ಟೆ, ಹಾಸಿಗೆಗಳನ್ನು ತುರುಕಿ ಮೇಲೆ ಹಲಗೆ ಜಡಿದರು. ಒಳಗಿದ್ದ ಜೇನುಮೇಣವೂ ಮರವೂ ನೀರಿಗಿಂತ ಹಗುರವಾದುದರಿಂದಲೇ ಹಡಗು ಮುಳುಗಲಿಲ್ಲ.

ನಸುಕಿನಿಂದ ನಡುಹಗಲಿನವರೆಗೆ ನ್ಯೂಟನ್ನನು ಪಂಪು ಒತ್ತಿದನು. ಕಪ್ತಾನನೊಡನೆ ಮಾತನಾಡುತ್ತ, ಇದರಿಂದಲೂ ಆಗದಿದ್ದರೆ ದೇವರೇ ಕರುಣಿಸಬೇಕು ಎಂಬ ಅರ್ಥದ ಮಾತೊಂದು ಅವನ ಬಾಯಿಂದ ತಾನಾಗಿ ಹೊರಬಿದ್ದಿತು. ಎಷ್ಟೋ ವರ್ಷಗಳ ಬಳಿಕ ದೇವರ ಹೆಸರು ಬೈಗುಳವಾಗದೆ ಆ ನಾಲಗೆಯ ಮೇಲೆ ಬಂದದ್ದು ಅಂದೇ. ಕೂಡಲೇ ಅವನೇ ಬೆಚ್ಚಿದನು: ತನ್ನಂತಹವನಿಗೆ ಎಲ್ಲಿಯ ಕರುಣೆ? ಪಂಪು ಒತ್ತಲು ಬಲ ಸಾಲದೆ ಹೋದಾಗ ಅವನನ್ನು ಚುಕ್ಕಾಣಿಗೆ ನಿಲ್ಲಿಸಿದರು. ನಡುರಾತ್ರಿಯವರೆಗೆ ಚುಕ್ಕಾಣಿ ಹಿಡಿದು ನಿಂತ ಆ ಗಂಟೆಗಳಲ್ಲಿ ತಾಯಿ ಕಲಿಸಿದ ವಚನಗಳು ಒಂದೊಂದಾಗಿ ನೆನಪಿಗೆ ಬಂದುವು. ಬಳಿಕ ನಾಲ್ಕು ವಾರ ಹರಿದ ಹಾಯಿಗಳೊಡನೆ ಅಲೆದು, ಕೊನೆಯ ಊಟವು ಒಲೆಯ ಮೇಲಿರುವಾಗ ಹಡಗು ಐರ್ಲೆಂಡಿನ ದಡವನ್ನು ಮುಟ್ಟಿತು. ದೇವರು ಇದ್ದಾನೆ, ಪ್ರಾರ್ಥನೆಗೆ ಕಿವಿಗೊಡುತ್ತಾನೆ ಎಂಬ ನಂಬಿಕೆ ಅವನಲ್ಲಿ ನೆಲೆಸಿತು. ಮಾರ್ಚ್ 21ನ್ನು ಬದುಕಿರುವವರೆಗೂ ಉಪಕಾರಸ್ಮರಣೆಯ ದಿನವಾಗಿ ಆಚರಿಸಿದನು.

ಭಕ್ತಿಕಥೆಯಾಗಿದ್ದರೆ ಇಲ್ಲಿಗೆ ಮಂಗಳ ಹಾಡಬಹುದಿತ್ತು. ಆದರೆ ನಡೆದದ್ದೇನು? ಅದೇ ವರ್ಷ ನ್ಯೂಟನ್ನನು ಮ್ಯಾನೆಸ್ಟಿಯ ಮತ್ತೊಂದು ಹಡಗಿನಲ್ಲಿ ಎರಡನೆಯ ಅಧಿಕಾರಿಯಾಗಿ ಮತ್ತೆ ಆಫ್ರಿಕಕ್ಕೆ, ಗುಲಾಮರನ್ನು ಕೊಳ್ಳುವುದಕ್ಕಾಗಿಯೇ ಹೋದನು. ಹಳೆಯ ಚಾಳಿಗಳೂ ಮರಳಿದುವು. ಅದೇ ಪ್ಲಾಂಟೇನ್ ದ್ವೀಪದಲ್ಲಿ ಮತ್ತೆ ಜ್ವರ ಬಿದ್ದು, ಏಕಾಂತವಾದೊಂದು ಮೂಲೆಗೆ ತೆವಳಿಹೋಗಿ, ತನ್ನನ್ನು ದೇವರಿಗೊಪ್ಪಿಸಿಕೊಂಡನು. 1750ರಲ್ಲಿ ಮೇರಿಯ ಕೈಹಿಡಿದನು. ಆಮೇಲೆ 1750ರಿಂದ 1754ರವರೆಗೆ ಡ್ಯೂಕ್ ಆಫ್ ಆರ್ಗೈಲ್, ಆಫ್ರಿಕನ್ ಎಂಬ ಹಡಗುಗಳಿಗೆ ಕಪ್ತಾನನಾಗಿ ಮೂರು ಸಲ ಗುಲಾಮರನ್ನು ಹೇರಿಕೊಂಡು ಅಟ್ಲಾಂಟಿಕ್ ಸಾಗರವನ್ನು ದಾಟಿದನು.

ಆ ಕಪ್ತಾನನ ದಿನಚರಿಯನ್ನು ಕಣ್ಣಮುಂದೆ ತಂದುಕೊಳ್ಳೋಣ. ಭಾನುವಾರ ಹಡಗಿನವರನ್ನು ಸೇರಿಸಿ ಪ್ರಾರ್ಥನೆ ನಡೆಸುತ್ತಾನೆ. ಬಿಡುವಿನಲ್ಲಿ ಲ್ಯಾಟಿನ್ ಕಲಿಯುತ್ತಾನೆ. ಹೆಂಡತಿಗೆ ಅಕ್ಕರೆಯ ಪತ್ರಗಳನ್ನು ಬರೆಯುತ್ತಾನೆ. ಕೆಳಗಿನ ಅಂತಸ್ತಿನಲ್ಲಿ ಮಾತ್ರ ಗಂಡಸರು ಜೋಡಿಜೋಡಿಯಾಗಿ ಸಂಕೋಲೆಯಲ್ಲಿ ಬಿದ್ದಿದ್ದಾರೆ. ಒಮ್ಮೆ ದಂಗೆಯ ಸುಳಿವು ಸಿಕ್ಕಿದಾಗ, ನಿಜವನ್ನು ಹೊರಡಿಸಲು ಗುಲಾಮ ಹುಡುಗರ ಹೆಬ್ಬೆರಳುಗಳನ್ನು ತಿರುಪಿನ ಕಬ್ಬಿಣದಲ್ಲಿ ಹಿಸುಕಿಸಿದುದನ್ನು ಆತನೇ ತನ್ನ ದಿನಚರಿಯಲ್ಲಿ ಬರೆದಿಟ್ಟಿದ್ದಾನೆ. ಹಸಿದಾಗ ತನಗೆ ತುತ್ತು ಕೊಟ್ಟ ಜನಾಂಗದವರನ್ನೇ ಆತನು ಮಾರುತ್ತಿದ್ದನು. ಅದರಲ್ಲಿ ಪಾಪವಿದೆಯೆಂದು ಆತನಿಗೆ ತೋರಲೇ ಇಲ್ಲ. ಸೆರೆಮನೆಯ ಕಾವಲುಗಾರನಂತಹ ಈ ಉದ್ಯೋಗ ಹೇಸಿಗೆಯದೆಂದು ಅನಿಸಿ, ಬೇರೆ ಕೆಲಸ ಸಿಗಲೆಂದು ಪ್ರಾರ್ಥಿಸಿದ್ದುಂಟು. ಆದರೆ ಅನ್ಯಾಯವೆಂದು ಅನಿಸಿರಲಿಲ್ಲ. ಕಾರಣವೇನೆಂದರೆ, ಇಡೀ ಊರೇ ಅದನ್ನು ಮಾಡುತ್ತಿತ್ತು. ಲಿವರ್‌ಪೂಲಿನ ಸಂಪತ್ತು ಅದರಿಂದ ಬೆಳೆಯುತ್ತಿತ್ತು, ಕಾನೂನು ಒಪ್ಪಿತ್ತು, ಗೌರವಸ್ಥರು ಹಣ ಹೂಡುತ್ತಿದ್ದರು, ಇಗರ್ಜಿಗಳೂ ಬಹುಮಟ್ಟಿಗೆ ಮೌನವಾಗಿದ್ದುವು. ಎಲ್ಲರೂ ಮಾಡುವ ಪಾಪವು ಯಾರ ಕಣ್ಣಿಗೂ ಪಾಪವೆಂದು ಕಾಣುವುದಿಲ್ಲ.

ಆತನು ಆ ವೃತ್ತಿಯನ್ನು ಬಿಟ್ಟದ್ದೂ ಮನಸ್ಸಾಕ್ಷಿಯಿಂದಲ್ಲ. 1754ರಲ್ಲಿ ಮತ್ತೊಂದು ಯಾನಕ್ಕೆ ಇನ್ನೆರಡು ದಿನಗಳಿರುವಾಗ, ಮನೆಯಲ್ಲಿ ಹೆಂಡತಿಯೊಡನೆ ಚಹಾ ಕುಡಿಯುತ್ತಿದ್ದವನು ಮೂರ್ಛೆ ಹೋದನು. ವೈದ್ಯರು ಸಮುದ್ರ ಬೇಡವೆಂದರು. ಆಮೇಲೂ ತನ್ನ ಹಣವನ್ನು ಮ್ಯಾನೆಸ್ಟಿಯ ವ್ಯಾಪಾರದಲ್ಲಿಯೇ ಇರಿಸಿದ್ದನು. 1755ರಲ್ಲಿ ಲಿವರ್‌ಪೂಲ್ ಬಂದರಿನ ಸುಂಕದ ಅಧಿಕಾರಿಯಾದನು. ಬಿಡುವಿನ ವೇಳೆಯಲ್ಲಿ ಗ್ರೀಕ್, ಹೀಬ್ರೂ ಭಾಷೆಗಳನ್ನು ಕಲಿತನು. ಪಾದ್ರಿಯಾಗಬೇಕೆಂದು ಅರ್ಜಿ ಹಾಕಿದರೆ, ವಿಶ್ವವಿದ್ಯಾಲಯದ ಪದವಿಯಿಲ್ಲದ ಈ ಹಳೆಯ ನಾವಿಕನನ್ನು ಬಿಷಪ್ಪರು ಮತ್ತೆ ಮತ್ತೆ ನಿರಾಕರಿಸಿದರು. ಕೊನೆಗೆ ಡಾರ್ಟ್‌ಮತ್ ಪ್ರಭುವಿನ ನೆರವಿನಿಂದ 1764ರಲ್ಲಿ ಗುರುದೀಕ್ಷೆ ದೊರೆತು, ಬಕಿಂಗ್‌ಹ್ಯಾಂಶೈರಿನ ಓಲ್ನಿ ಎಂಬ ಸಣ್ಣ ಊರಿಗೆ ಹೋದನು. ಲೇಸ್ ಹೆಣೆದು ಹೊಟ್ಟೆಹೊರೆಯುವ ಬಡವರ ಊರದು. ಅವರ ಮನೆಮನೆಗೂ ನಡೆದು, ಮಕ್ಕಳಿಗೆ ಪಾಠ ಹೇಳಿ, ಹದಿನಾರು ವರ್ಷ ಸೇವೆ ಮಾಡಿದನು.

ಅಲ್ಲಿಗೆ 1767ರಲ್ಲಿ ಕವಿ ವಿಲಿಯಂ ಕೂಪರನು ಬಂದು ನೆಲಸಿದನು. ಮನೋರೋಗದಿಂದ ನರಳುತ್ತಿದ್ದ ಆ ಕವಿಯನ್ನು ನ್ಯೂಟನ್ ದಂಪತಿಗಳು ತಮ್ಮ ಮನೆಯಲ್ಲಿಟ್ಟುಕೊಂಡು ಆರೈಕೆ ಮಾಡಿದರು. ಈ ಇಬ್ಬರು ರಚಿಸಿದ 348 ಕೀರ್ತನೆಗಳ ಸಂಗ್ರಹವು 1779ರಲ್ಲಿ ಅಚ್ಚಾಯಿತು. ಅವುಗಳಲ್ಲಿ ಬಹುಪಾಲು ನ್ಯೂಟನ್ನನವು. ಇಂದು ಲೋಕವೆಲ್ಲ ಹಾಡುವ ಅಮೇಜಿಂಗ್ ಗ್ರೇಸ್ ಎಂಬ ಕೀರ್ತನೆಯೂ ಅದರಲ್ಲಿದೆ. 1773ರ ಹೊಸ ವರ್ಷದ ದಿನದ ಆರಾಧನೆಗಾಗಿ ಅದು ಸಿದ್ಧವಾಯಿತು. ದೇವರ ಕೃಪೆಯು ಹಾಳಾದವನೊಬ್ಬನನ್ನು ಉಳಿಸಿದ ಬೆರಗೇ ಅದರ ವಸ್ತು. ಈಗ ಅದನ್ನು ಹಾಡುವ ಧಾಟಿಯು 1835ರಲ್ಲಿ ಅಮೆರಿಕದಲ್ಲಿ ಅದಕ್ಕೆ ಕೂಡಿಕೊಂಡಿತು. ಗುಲಾಮರ ವಂಶದವರೇ ಮುಂದೆ ಅದನ್ನು ತಮ್ಮ ಹಾಡಾಗಿ ಮಾಡಿಕೊಂಡರು. ಆದರೆ ಒಂದು ಸಂಗತಿಯನ್ನು ಮರೆಮಾಚಬಾರದು: ಆ ಕೀರ್ತನೆಯನ್ನು ಬರೆದ ಕಾಲದಲ್ಲಿಯೂ ನ್ಯೂಟನ್ನನು ತಾನು ಮಾರಿದ ಮನುಷ್ಯರ ಬಗ್ಗೆ ಬಹಿರಂಗವಾಗಿ ಬಾಯಿ ಬಿಟ್ಟಿರಲಿಲ್ಲ.

1780ರಲ್ಲಿ ಆತನಿಗೆ ಲಂಡನ್ನಿನ ಲೊಂಬಾರ್ಡ್ ಬೀದಿಯ ಸಂತ ಮೇರಿ ವುಲ್ನಾತ್ ಇಗರ್ಜಿಗೆ ವರ್ಗವಾಯಿತು. ಐದು ವರ್ಷಗಳ ಬಳಿಕ, 1785ರ ಡಿಸೆಂಬರಿನಲ್ಲಿ, ಪಾರ್ಲಿಮೆಂಟಿನ ಸದಸ್ಯನಾದ ಇಪ್ಪತ್ತಾರು ವಯಸ್ಸಿನ ವಿಲಿಯಂ ವಿಲ್ಬರ್‌ಫೋರ್ಸನು ಗುಟ್ಟಾಗಿ ಆತನನ್ನು ಕಾಣಲು ಬಂದನು. ಒಳಗೆ ಬರಲು ಧೈರ್ಯ ಸಾಲದೆ ಚೌಕವನ್ನು ಒಂದೆರಡು ಸುತ್ತು ಹಾಕಿದನಂತೆ. ದೇವರ ಸೇವೆಗಾಗಿ ರಾಜಕೀಯವನ್ನು ಬಿಡಲೇ ಎಂಬುದು ಅವನ ಸಂದೇಹ. ಬಿಡಬೇಡ, ಇದ್ದಲ್ಲಿಯೇ ಇದ್ದು ದುಡಿ ಎಂಬುದು ಮುದುಕನ ಸಲಹೆ. ಆ ತರುಣನು ಗುಲಾಮವ್ಯಾಪಾರದ ವಿರುದ್ಧ ಪಾರ್ಲಿಮೆಂಟಿನಲ್ಲಿ ಇಪ್ಪತ್ತು ವರ್ಷ ಹೋರಾಡಿದವನಾದನು.

ಶಿಷ್ಯನನ್ನು ಹೋರಾಟಕ್ಕೆ ಹಚ್ಚಿದ ಗುರುವಿಗೆ ಇನ್ನು ಸುಮ್ಮನಿರುವುದು ಸಾಧ್ಯವಾಗಲಿಲ್ಲ. 1788ರಲ್ಲಿ, ಬಿರುಗಾಳಿಯ ರಾತ್ರಿಗೆ ನಲವತ್ತು ವರ್ಷ ತುಂಬಿದಾಗ, ಆಫ್ರಿಕದ ಗುಲಾಮವ್ಯಾಪಾರವನ್ನು ಕುರಿತು ನ್ಯೂಟನ್ನನು ಒಂದು ಕಿರುಹೊತ್ತಗೆಯನ್ನು ಪ್ರಕಟಿಸಿದನು. ತಾನು ಆ ಕೃತ್ಯದಲ್ಲಿ ಸ್ವತಃ ಕೈಯಿಟ್ಟವನೆಂದೂ, ಈ ತಪ್ಪೊಪ್ಪಿಗೆ ಬಹಳ ತಡವಾಗಿ ಬಂದಿದೆಯೆಂದೂ, ಆ ನೆನಪು ತನ್ನನ್ನು ಸದಾ ತಲೆತಗ್ಗಿಸುವಂತೆ ಮಾಡುತ್ತದೆಯೆಂದೂ ಅದರಲ್ಲಿ ಒಪ್ಪಿಕೊಂಡನು. ಕಪಾಟಿನ ಪುಸ್ತಕಗಳಂತೆ ಮನುಷ್ಯರನ್ನು ಒತ್ತೊತ್ತಾಗಿ ಮಲಗಿಸುವ ಬಗೆ, ಹೆಂಗಸರ ಮೇಲಾಗುವ ಅತ್ಯಾಚಾರ, ಹಡಗಿನಲ್ಲಿಯೇ ಸಾಯುವವರ ಪಾಡು ಎಲ್ಲವನ್ನೂ ಮುಚ್ಚಿಡದೆ ಬರೆದನು. ಹೊತ್ತಗೆಯ ಪ್ರತಿಗಳು ಪಾರ್ಲಿಮೆಂಟಿನ ಸದಸ್ಯರ ಕೈಸೇರಿದುವು. ಸರಕಾರದ ವಿಚಾರಣಾ ಸಮಿತಿಗಳ ಮುಂದೆ ನಿಂತು ಆತನು ಸಾಕ್ಷಿಯನ್ನೂ ನುಡಿದನು. ದೂರದಿಂದ ಕೇಳಿದವರ ಮಾತನ್ನು ತಳ್ಳಿಹಾಕಬಹುದಿತ್ತು. ಹಳೆಯ ಕಪ್ತಾನನ ಮಾತನ್ನು ತಳ್ಳಿಹಾಕುವುದು ಹೇಗೆ?

1790ರ ಡಿಸೆಂಬರಿನಲ್ಲಿ ಮೇರಿಯು ತೀರಿಕೊಂಡಳು. ನ್ಯೂಟನ್ನನು ಆ ದುಃಖದಲ್ಲಿಯೂ ಉಪದೇಶವನ್ನು ನಿಲ್ಲಿಸಲಿಲ್ಲ. 1793ರಲ್ಲಿ ಭಾರತಕ್ಕೆ ಹೊರಟಿದ್ದ ವಿಲಿಯಂ ಕೇರಿ ಎಂಬ ಬಡ ಪಾದ್ರಿಯು ಆತನ ಆಶೀರ್ವಾದ ಪಡೆದು ಹೋದನು. ಬಂಗಾಳದ ಶ್ರೀರಾಮಪುರದಲ್ಲಿ ನೆಲಸಿ, 1817ರಲ್ಲಿ ನಮ್ಮ ಕನ್ನಡ ಭಾಷೆಗೊಂದು ವ್ಯಾಕರಣವನ್ನು ಅಚ್ಚು ಹಾಕಿಸಿದವನು ಈ ಕೇರಿಯೇ. ಕಣ್ಣು ಮಂಜಾಗಿ, ನೆನಪು ಕುಂದಿದಾಗ ಗೆಳೆಯರು ವಿಶ್ರಾಂತಿಯನ್ನು ಸೂಚಿಸಿದರೂ, ನಾಲಗೆ ಆಡುವವರೆಗೆ ಸುಮ್ಮನಿರಲು ಆತನು ಒಪ್ಪಲಿಲ್ಲ. 1807ರ ಮಾರ್ಚ್ 25ರಂದು ಗುಲಾಮವ್ಯಾಪಾರವನ್ನು ನಿಷೇಧಿಸುವ ಕಾನೂನಿಗೆ ಇಂಗ್ಲೆಂಡಿನ ರಾಜಮುದ್ರೆ ಬಿದ್ದಿತು. ಅದೇ ವರ್ಷ ಡಿಸೆಂಬರ್ 21ರಂದು, ಎಂಬತ್ತೆರಡನೆಯ ವಯಸ್ಸಿನಲ್ಲಿ, ನ್ಯೂಟನ್ನನು ಕಣ್ಣು ಮುಚ್ಚಿದನು. ಗುಲಾಮಗಿರಿಯೇ ಅಳಿಯುವುದಕ್ಕೆ ಬ್ರಿಟಿಷ್ ವಸಾಹತುಗಳಲ್ಲಿ 1833ರ ಕಾನೂನು ಬರಬೇಕಾಯಿತು. ತನ್ನ ಗೋರಿಯ ಕಲ್ಲಿಗೆ ಬೇಕಾದ ಬರಹವನ್ನು ಆತನೇ ಬರೆದಿಟ್ಟಿದ್ದನು. ಅದರಲ್ಲಿ ತನ್ನ ಬಿರುದುಗಳನ್ನು ಹೇಳಿಕೊಳ್ಳದೆ, ತಾನು ಒಮ್ಮೆ ನಾಸ್ತಿಕನೂ ಸ್ವೇಚ್ಛಾಚಾರಿಯೂ ಆಫ್ರಿಕದಲ್ಲಿ ಗುಲಾಮರ ಸೇವಕನೂ ಆಗಿದ್ದುದನ್ನು ಹೇಳಿದ್ದಾನೆ.

ನಲವತ್ತು ವರ್ಷಗಳ ತಡವನ್ನು ಕಂಡು ಕೆಲವರು ಆತನನ್ನು ಕಪಟಿಯೆನ್ನಬಹುದು. ನಮಗೆ ಹಾಗೆ ತೋರುವುದಿಲ್ಲ. ಬಿರುಗಾಳಿಯ ರಾತ್ರಿ ಆತನಿಗೆ ಕಾಣಿಸಿದ್ದು ಬೈಗುಳ, ಕುಡಿತ, ದೇವನಿಂದೆ ಎಂಬ ತನ್ನ ಪಾಪಗಳು. ಅವು ಅವನಿಗೆ ಮಾತ್ರ ಕೇಡು ತಂದವು. ಹೊಟ್ಟೆಪಾಡಿನ ದಾರಿಯಲ್ಲಿ, ಸಂಬಳದ ಕೆಲಸದಲ್ಲಿ, ಎಲ್ಲರೂ ಒಪ್ಪಿದ ರೂಢಿಯಲ್ಲಿ ಇನ್ನೊಬ್ಬರಿಗೆ ಮಾಡಿದ ಕೇಡು ಕಾಣಿಸುವುದಕ್ಕೆ ಬಹಳ ಕಾಲ ಹಿಡಿಯುತ್ತದೆ. ನಾವೂ ಒಂದು ಕಾಲಕ್ಕೆ ಹೋಟೆಲಿನ ಗಲ್ಲಾದ ಮೇಲೆ ಕುಳಿತವರು. ನಿತ್ಯವೂ ದೇವರ ಪಟಕ್ಕೆ ಹೂವೇರಿಸಿ, ಊದುಬತ್ತಿ ಹಚ್ಚಿಯೇ ಗಲ್ಲಾ ತೆರೆಯುತ್ತಿದ್ದೆವು. ರಾತ್ರಿಶಾಲೆಗೆ ಹೋಗಲು ಎರಡು ಗಂಟೆ ಬಿಡುವು ಕೇಳಿದ ಮಾಣಿಯೊಬ್ಬನನ್ನು ಗದರಿಸಿ ಒಳಗೆ ಅಟ್ಟಿದ್ದೂ ಅದೇ ಗಲ್ಲಾದ ಮೇಲಿನಿಂದ. ಗುಲಾಮವ್ಯಾಪಾರಕ್ಕೆ ಇದನ್ನು ಹೋಲಿಸುವುದು ಸಲ್ಲದು. ಆದರೆ ಎಲ್ಲ ಮಾಲಿಕರೂ ಮಾಡುವುದನ್ನೇ ನಾವೂ ಮಾಡಿದೆವು ಎಂಬ ಸಮಾಧಾನ ಮಾತ್ರ ಎರಡು ಕಡೆಯೂ ಒಂದೇ. ಆ ಹುಡುಗನ ಮುಖವು ನಮಗೆ ನೆನಪಾದದ್ದು ಹೋಟೆಲು ಬಿಟ್ಟು ಎಷ್ಟೋ ವರ್ಷಗಳ ಮೇಲೆ.

ದೇವರಲ್ಲಿ ಕ್ಷಮೆ ಬೇಡುವುದು ಪಶ್ಚಾತ್ತಾಪದ ಮೊದಲ ಮೆಟ್ಟಿಲು. ಯಾರಿಗೆ ಕೇಡಾಯಿತೋ ಅವರ ಪರವಾಗಿ ಬಾಯಿ ಬಿಡುವುದು ಅದರ ಕೊನೆಯ ಮೆಟ್ಟಿಲು. ಮುದಿವಯಸ್ಸಿನಲ್ಲಾದರೂ ನ್ಯೂಟನ್ನನು ಆ ಮೆಟ್ಟಿಲನ್ನು ಹತ್ತಿದನು. ತಡವಾಯಿತೆಂದು ಹತ್ತದೆ ಉಳಿಯಲಿಲ್ಲ. ಯಾವ ಮತದವರಾದರೂ ಸರಿಯೆ, ನಮ್ಮ ಓದುಗರು ಈ ನಾವಿಕನ ಚರಿತ್ರೆಯಿಂದ ಇಷ್ಟನ್ನು ಗ್ರಹಿಸಿದರೆ ನಮ್ಮ ಬರಹವು ಸಾರ್ಥಕವಾದೀತು.